ಮಮತಾ ಪೂಜಾರಿ ಮತ್ತು ಕರಾವಳಿಯ ಕಬಡ್ಡಿ

ಮಮತಾ ಪೂಜಾರಿ (ಜನನ 1986) ಭಾರತದ ಮಹಿಳಾ ಕಬಡ್ಡಿ ತಂಡದ ಮಾಜಿ ನಾಯಕಿ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಅಜೆಕಾರು ಪರಿಸರದಲ್ಲಿರುವ ಹೆರ್ಮುಂಡೆ ಅವರ ಹುಟ್ಟೂರು. ಎದುರಾಳಿಯ ಅಂಕಣಕ್ಕೆ ನುಗ್ಗಿ ಅಂಕ ತರುವ ದಾಳಿ ಮತ್ತು ಒಳಬಂದ ಎದುರಾಳಿಯನ್ನು ಹಿಡಿದು ನಿಲ್ಲಿಸುವ ರಕ್ಷಣೆ, ಈ ಎರಡನ್ನೂ ನಿರ್ವಹಿಸಬಲ್ಲ ಆಲ್‌ರೌಂಡರ್ ಎಂಬ ನೆಲೆಯಲ್ಲಿ ಅವರು ರಾಷ್ಟ್ರೀಯ ತಂಡದಲ್ಲಿ ಸ್ಥಾನ ಪಡೆದರು. ಗುವಾಂಗ್‌ಝೌ (2010) ಮತ್ತು ಇಂಚೆಯಾನ್ (2014) ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಅವರಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದದ್ದು ಅವರ ನಾಯಕತ್ವದಲ್ಲಿ. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಉತ್ತರ ಭಾರತದ ಪತ್ರಿಕೆಗಳಲ್ಲಿ ಮತ್ತು ಕೆಲವು ಅಧಿಕೃತ ಪಟ್ಟಿಗಳಲ್ಲಿ ಅವರ ಹೆಸರು ‘ಮಮ್ತಾ ಪುಜಾರಿ’ ಎಂದು ದಾಖಲಾಗಿರುವುದರಿಂದ ಹಳೆಯ ವರದಿಗಳನ್ನು ಹುಡುಕುವವರು ಎರಡೂ ರೂಪಗಳನ್ನು ಗಮನದಲ್ಲಿಡಬೇಕಾಗುತ್ತದೆ.

ಮಮತಾ ಹುಟ್ಟಿದಾಗ ಉಡುಪಿ ಜಿಲ್ಲೆ ಎಂಬುದು ಇರಲಿಲ್ಲ. ಅವಿಭಜಿತ ದಕ್ಷಿಣ ಕನ್ನಡದಿಂದ ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳನ್ನು ಬೇರ್ಪಡಿಸಿ ಹೊಸ ಜಿಲ್ಲೆಯನ್ನು ರಚಿಸಿದ್ದು 1997ರಲ್ಲಿ, ಕಾಪು ಪ್ರತ್ಯೇಕ ತಾಲ್ಲೂಕಾದದ್ದು ಇನ್ನೂ ಈಚೆಗೆ, 2018ರಲ್ಲಿ. ಕಡಲಿನ ಅಂಚಿನ ಕಾಪು, ರಥಬೀದಿಯ ಉಡುಪಿ, ಅದರ ಮಗ್ಗುಲಲ್ಲಿ ಗುಡ್ಡದ ಮೇಲೆ ಬೆಳೆದ ವಿದ್ಯಾನಗರಿ ಮಣಿಪಾಲ, ಒಳನಾಡಿನಲ್ಲಿ 1432ರ ಗೊಮ್ಮಟನ ಕಾರ್ಕಳ ಹೀಗೆ ಪಡುವಣದಿಂದ ಮೂಡಣಕ್ಕೆ ಸಾಗುವ ಈ ನೆಲ ಕೊನೆಗೆ ಘಟ್ಟದ ಬುಡವನ್ನು ಮುಟ್ಟುತ್ತದೆ. ಹೆರ್ಮುಂಡೆ ಇರುವುದು ಆ ಒಳನಾಡಿನ ಭಾಗದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಿಂದಾಗಿ ಇಲ್ಲಿನ ಬಯಲಾಟಗಳ ಕಾಲ ಆರಂಭವಾಗುವುದೇ ಮಳೆ ಹಿಂದೆ ಸರಿದ ಮೇಲೆ. ಕೊಯ್ಲು ಮುಗಿದ ಗದ್ದೆಗಳಲ್ಲಿ, ಶಾಲೆಯ ಮೈದಾನಗಳಲ್ಲಿ, ದೇವಸ್ಥಾನದ ಎದುರಿನ ಬಯಲುಗಳಲ್ಲಿ ಯುವಕ ಮಂಡಲಗಳು ಏರ್ಪಡಿಸುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು, ಎಂದರೆ ವಿದ್ಯುದ್ದೀಪಗಳ ಬೆಳಕಿನಲ್ಲಿ ಸಂಜೆ ಆರಂಭವಾಗಿ ಬೆಳಗಿನ ಜಾವದವರೆಗೂ ನಡೆಯುವ ಸ್ಪರ್ಧೆಗಳು, ಯಕ್ಷಗಾನದ ಮೇಳಗಳೊಂದಿಗೆ ಪ್ರೇಕ್ಷಕರನ್ನು ಹಂಚಿಕೊಳ್ಳುತ್ತ ಬಂದಿವೆ. ಫುಟ್‌ಬಾಲಿಗೆ ಮಂಗಳೂರು ನಗರದಲ್ಲಿ ದೊರೆತಂಥ ನೆಲೆ ಈ ಭಾಗದಲ್ಲಿ ದೊರೆಯಲಿಲ್ಲ. ಹೆಚ್ಚು ಸಲಕರಣೆ ಬೇಡದ, ಚಿಕ್ಕ ಜಾಗದಲ್ಲಿ ಮುಗಿಯುವ ಕಬಡ್ಡಿ ಮತ್ತು ವಾಲಿಬಾಲ್ ಹಳ್ಳಿಗಳನ್ನು ಬೇಗನೆ ಹಿಡಿದವು.

ಮಮತಾ ಅವರ ಆಟವನ್ನು ಅರಿಯಲು ಕಬಡ್ಡಿಯ ರಕ್ಷಣಾ ವ್ಯವಸ್ಥೆಯ ಸ್ಥೂಲ ಪರಿಚಯ ಅಗತ್ಯ. ಹಿರಿಯ ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲವಿರುತ್ತದೆ (ಪುರುಷರದು 13 ಮತ್ತು 10 ಮೀಟರ್). ನಡುಗೆರೆ ಅದನ್ನು ಎರಡು ಪಾಲು ಮಾಡುತ್ತದೆ, ಪ್ರತಿ ತಂಡದ ಹನ್ನೆರಡು ಮಂದಿಯಲ್ಲಿ ಏಳು ಮಂದಿ ಒಮ್ಮೆಗೆ ಆಡುತ್ತಾರೆ, ರೂಢಿಯ ಅಂತರರಾಷ್ಟ್ರೀಯ ನಿಯಮದಂತೆ ಮಹಿಳೆಯರ ಪಂದ್ಯ ತಲಾ 15 ನಿಮಿಷಗಳ ಎರಡು ಅವಧಿಗಳದು. ‘ಕಬಡ್ಡಿ, ಕಬಡ್ಡಿ’ ಎಂದು ಉಸಿರು ಬಿಡದೆ ಉಚ್ಚರಿಸುತ್ತ ಒಳಹೋಗುವ ದಾಳಿಗಾರ್ತಿ, ಎಂದರೆ ರೈಡರ್, 30 ಸೆಕೆಂಡುಗಳೊಳಗೆ ಯಾರನ್ನಾದರೂ ಮುಟ್ಟಿ ಮರಳಬೇಕು. ಮುಟ್ಟಿಸಿಕೊಂಡವರು ಹೊರಹೋಗುತ್ತಾರೆ, ಅವರ ತಂಡ ಅಂಕ ಗಳಿಸಿದಾಗ ಹೊರಹೋದ ಕ್ರಮದಲ್ಲಿಯೇ ಮರಳಿ ಬರುತ್ತಾರೆ. ಎದುರಿನ ಏಳು ಮಂದಿಯೂ ಹೊರಬಿದ್ದರೆ ಗೆದ್ದವರಿಗೆ ಎರಡು ಹೆಚ್ಚುವರಿ ಅಂಕಗಳು ಸಿಗುತ್ತವೆ, ಅದಕ್ಕೆ ಲೋನಾ ಎಂದು ಹೆಸರು. ಕನಿಷ್ಠ ಆರು ಮಂದಿ ರಕ್ಷಕಿಯರು ಅಂಕಣದಲ್ಲಿರುವಾಗ ದಾಳಿಗಾರ್ತಿ ಬೋನಸ್ ಗೆರೆಯನ್ನು ದಾಟಿದರೆ ಯಾರನ್ನೂ ಮುಟ್ಟದೆಯೇ ಒಂದು ಅಂಕ ಪಡೆಯುತ್ತಾಳೆ.

ರಕ್ಷಕಿಯನ್ನು ಕರಾವಳಿಯ ಮೈದಾನಗಳಲ್ಲಿ ಸಾಮಾನ್ಯವಾಗಿ ಕ್ಯಾಚರ್ ಎನ್ನುತ್ತಾರೆ. ಏಳು ಮಂದಿ ಸಾಲಾಗಿ ನಿಲ್ಲದೆ ಬಿಲ್ಲಿನಂತೆ ಬಾಗಿದ ರೇಖೆಯಲ್ಲಿ ನಿಲ್ಲುತ್ತಾರೆ: ಎರಡು ತುದಿಗಳಲ್ಲಿ ಎಡ ಮತ್ತು ಬಲ ಕಾರ್ನರ್, ಅವರ ಒಳಬದಿಯಲ್ಲಿ ಇಬ್ಬರು ಇನ್, ಅನಂತರ ಇಬ್ಬರು ಕವರ್, ನಡುವೆ ಸೆಂಟರ್. ಕಾರ್ನರ್‌ನಲ್ಲಿರುವವರ ಮುಖ್ಯ ಅಸ್ತ್ರ ಕಣಕಾಲಿನ ಹಿಡಿತ. ದಾಳಿಗಾರ್ತಿ ಬೋನಸ್ ಗೆರೆಯತ್ತ ಕಾಲು ಚಾಚಿದ ಕ್ಷಣದಲ್ಲಿ, ಆಕೆಯ ಭಾರ ಒಂದೇ ಕಾಲಿನ ಮೇಲಿರುವಾಗ, ಕೆಳಗೆ ಧುಮುಕಿ ಆ ಕಾಲನ್ನು ಹಿಡಿಯಬೇಕು, ಅರೆಕ್ಷಣ ಮೊದಲಾದರೆ ಕೈಗೆ ಗಾಳಿ ಸಿಗುತ್ತದೆ, ಅರೆಕ್ಷಣ ತಡವಾದರೆ ಹಿಡಿದವಳೇ ಹೊರಗೆ. ಕವರ್‌ಗಳ ಕೆಲಸ ಬೇರೆ: ತಿರುಗಿ ನಡುಗೆರೆಯತ್ತ ಓಡುವವಳ ದಾರಿಗೆ ಮೈಯೊಡ್ಡಿ ತಡೆಯುವುದು ಬ್ಲಾಕ್, ಭುಜದ ಬಲದಿಂದ ಅಂಕಣದ ಹೊರಕ್ಕೆ ತಳ್ಳುವುದು ಡ್ಯಾಶ್. ಅಕ್ಕಪಕ್ಕದವರು ಕೈಕೈ ಹಿಡಿದು ಸರಪಳಿಯಾಗಿ ಸುತ್ತುವರಿಯುವ ವಿಧಾನವೂ ಉಂಟು. ಅಂಕಣದ ಎರಡು ಬದಿಗಳಲ್ಲಿ ಲಾಬಿ ಎಂಬ ಒಂದು ಮೀಟರ್ ಅಗಲದ ಪಟ್ಟಿಗಳಿದ್ದು, ಯಾರೂ ಯಾರನ್ನೂ ಮುಟ್ಟುವ ಮೊದಲು ಅವು ಹೊರಗಿನ ಜಾಗ, ಮುಟ್ಟಿದ ಬಳಿಕ ಅವೂ ಅಂಕಣದ ಭಾಗ. ಹೀಗಾಗಿ ಮುಟ್ಟಿದೊಡನೆ ತಪ್ಪಿಸಿಕೊಳ್ಳುವವಳಿಗೆ ಜಾಗ ಹೆಚ್ಚುತ್ತದೆ.

ಫುಟ್‌ಬಾಲಿನಲ್ಲಿ ರಕ್ಷಣಾ ಆಟಗಾರ ಚೆಂಡನ್ನು ಗೋಲಿನಿಂದ ದೂರವಿಟ್ಟದ್ದಕ್ಕೆ ಲೆಕ್ಕದಲ್ಲಿ ಏನೂ ಏರುವುದಿಲ್ಲ. ಕಬಡ್ಡಿಯಲ್ಲಿ ಹಿಡಿದ ಪ್ರತಿ ದಾಳಿಗಾರ್ತಿಗೂ ಅಂಕವಿದೆ, ಅದರ ಮೇಲೆ ತನ್ನ ತಂಡದಿಂದ ಹೊರಹೋದ ಒಬ್ಬಳನ್ನು ಒಳಗೆ ತರುವ ಅವಕಾಶವೂ ಇದೆ. ಈಚಿನ ನಿಯಮಗಳಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಿರುವಾಗ ಹಿಡಿದರೆ ಇನ್ನೊಂದು ಅಂಕ ಸೇರುತ್ತದೆ, ಇದನ್ನು ಸೂಪರ್ ಟ್ಯಾಕಲ್ ಎನ್ನುತ್ತಾರೆ. ಆದರೂ ಪ್ರೇಕ್ಷಕರ ನೆನಪು ದಾಳಿಗಾರರ ಕಡೆಗೇ ವಾಲುತ್ತದೆ, ಏಕೆಂದರೆ ದಾಳಿ ಒಬ್ಬರ ಕೆಲಸವಾಗಿ ಕಾಣುತ್ತದೆ. ಹಿಡಿತವಾದರೋ ಹೆಚ್ಚಿನ ಸಲ ಮೂರು ನಾಲ್ಕು ಮಂದಿಯ ರಾಶಿಯಲ್ಲಿ ಮುಗಿಯುತ್ತದೆ, ಮೊದಲು ಕಾಲು ಹಿಡಿದವರು ಯಾರೆಂಬುದು ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆಲ್‌ರೌಂಡರ್ ಎಂದು ಕರೆಸಿಕೊಳ್ಳುವವರ ವೃತ್ತಿಜೀವನವನ್ನು ಬರೆಯುವಾಗ ಈ ಓರೆನೋಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಾನೇ ದಾಳಿಗೆ ಹೋಗುವವಳಿಗೆ ಎದುರಾಳಿ ಯಾವ ಹೆಜ್ಜೆಯಲ್ಲಿ ಸಮತೋಲ ಕಳೆದುಕೊಳ್ಳುತ್ತಾಳೆ ಎಂಬುದು ಮೊದಲೇ ತಿಳಿದಿರುತ್ತದೆ ಎಂಬುದರಿಂದ ತರಬೇತುದಾರರು ಇಂಥವರನ್ನು ಬಯಸುತ್ತಾರೆ. ಒಬ್ಬಳು ಹೊರಹೋದರೆ ದಾಳಿಯೂ ರಕ್ಷಣೆಯೂ ಒಟ್ಟಿಗೆ ಸೊರಗುತ್ತವೆ ಎಂಬುದು ಅದೇ ಆಯ್ಕೆಯ ಇನ್ನೊಂದು ಮುಖ.

ಕೃಷಿಕ ಕುಟುಂಬದಿಂದ ಬಂದ ಮಮತಾ ಶಾಲೆಯ ದಿನಗಳಲ್ಲಿ ವಾಲಿಬಾಲ್ ಮತ್ತು ಗುಂಡೆಸೆತದಲ್ಲಿಯೂ ಭಾಗವಹಿಸುತ್ತಿದ್ದರು. ಕಬಡ್ಡಿ ಅವರ ಮುಖ್ಯ ಆಟವಾದದ್ದು ಆಮೇಲೆ. ಮಂಗಳೂರಿನಲ್ಲಿ ಪದವಿ ವ್ಯಾಸಂಗದ ಕಾಲಕ್ಕೆ ಅವರು ಅಂತರಕಾಲೇಜು ಮಟ್ಟವನ್ನು ದಾಟಿ ಮುಂದೆ ಬಂದರು. ಕರಾವಳಿಯ ಕ್ರೀಡಾಪಟುಗಳ ಬದುಕಿನಲ್ಲಿ ಕಾಲೇಜಿನ ಪಾತ್ರ ಹೊರಗಿನವರು ಊಹಿಸುವುದಕ್ಕಿಂತ ದೊಡ್ಡದು. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜುಗಳು, ಮುಂದೆ ವಿಶೇಷವಾಗಿ ಕಾರ್ಕಳಕ್ಕೆ ಹತ್ತಿರದ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ, ಊಟ ವಸತಿ ಸಹಿತ ಕ್ರೀಡಾ ಪ್ರವೇಶ ಕೊಟ್ಟು ಹಳ್ಳಿಯ ಹುಡುಗ ಹುಡುಗಿಯರನ್ನು ಸೇರಿಸಿಕೊಂಡವು. ಹಳ್ಳಿಯ ಯುವಕ ಮಂಡಲಕ್ಕೆ ಒಂದು ರಾತ್ರಿಯ ಪಂದ್ಯಾಟವನ್ನು ನಡೆಸುವ ಶಕ್ತಿಯಿದೆ, ವರ್ಷವಿಡೀ ತರಬೇತಿ ಕೊಡುವ ಶಕ್ತಿಯಿಲ್ಲ. ಹುಡುಗರಿಗೆ ಮಂಡಲದ ತಂಡ ಮದುವೆಯ ಬಳಿಕವೂ ಇರುತ್ತದೆ. ಹುಡುಗಿಯರಿಗೆ ಶಾಲೆ ಬಿಟ್ಟರೆ ಕಾಲೇಜು, ಕಾಲೇಜು ಬಿಟ್ಟರೆ ನೌಕರಿ ಕೊಡುವ ಇಲಾಖೆ, ಇವೆರಡಲ್ಲದೆ ಮೂರನೆಯ ಮೆಟ್ಟಿಲು ಬಹುಮಟ್ಟಿಗೆ ಇರಲಿಲ್ಲ.

ಆ ಎರಡನೆಯ ಮೆಟ್ಟಿಲು ಮಮತಾ ಅವರಿಗೆ ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ಮಧ್ಯ ರೈಲ್ವೆಯಲ್ಲಿ ದೊರೆಯಿತು. ಭಾರತೀಯ ರೈಲ್ವೆ ಕ್ರೀಡಾ ಕೋಟಾ ಎಂಬ ನೇಮಕಾತಿ ಪದ್ಧತಿಯಡಿ ಆಟಗಾರರಿಗೆ ಕಾಯಂ ನೌಕರಿ ಕೊಡುತ್ತದೆ. ವಲಯಗಳ ನಡುವೆ ಸ್ಪರ್ಧೆ ನಡೆಸಿ, ಅಲ್ಲಿಂದ ಆರಿಸಿದ ಒಂದು ತಂಡವನ್ನು ರಾಜ್ಯಗಳ ತಂಡಗಳಿಗೆ ಎದುರಾಗಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಇಳಿಸುತ್ತದೆ. ಮಹಿಳಾ ಕಬಡ್ಡಿಯಲ್ಲಿ ರೈಲ್ವೆ ತಂಡದ ಪ್ರಾಬಲ್ಯ ಎಷ್ಟಿತ್ತೆಂದರೆ ರಾಷ್ಟ್ರೀಯ ಫೈನಲ್ ಎಂದರೆ ರೈಲ್ವೆಗೆ ಎದುರಾಳಿ ಯಾವ ರಾಜ್ಯ ಎಂಬ ಪ್ರಶ್ನೆಯಷ್ಟೇ ಹಲವು ವರ್ಷ ಉಳಿದಿತ್ತು. ಇದರ ಪರಿಣಾಮವೊಂದನ್ನು ಇಲ್ಲಿ ಹೇಳಲೇಬೇಕು: ರೈಲ್ವೆ ಸೇರಿದ ಆಟಗಾರ್ತಿ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ತನ್ನ ರಾಜ್ಯದ ಪರವಾಗಿ ಆಡುವುದಿಲ್ಲ. ಕರ್ನಾಟಕ ಬೆಳೆಸಿದ ಆಟ ಹೀಗೆ ಕರ್ನಾಟಕದ ಪದಕ ಪಟ್ಟಿಯ ಹೊರಗೆ ಉಳಿಯಿತು. ರಾಜ್ಯ ಸರ್ಕಾರದ ಇಲಾಖೆಗಳು ಅದೇ ಕಾಲದಲ್ಲಿ ಅಷ್ಟೇ ಭದ್ರವಾದ ನೌಕರಿಯನ್ನು ಮುಂದಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಇದರಲ್ಲಿ ಆಟಗಾರ್ತಿಯನ್ನು ದೂರಲು ಕಾರಣವಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಮಹಿಳಾ ಕಬಡ್ಡಿಗೆ ವೇದಿಕೆ ಸಿಕ್ಕಿದ್ದು ತಡವಾಗಿ. ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1952ರಲ್ಲಿ ಮದ್ರಾಸಿನಲ್ಲಿ, ಮಹಿಳೆಯರದು 1955ರಲ್ಲಿ ಕಲ್ಕತ್ತದಲ್ಲಿ ಆರಂಭವಾಗಿ, ದೇಶದೊಳಗೆ ಇಬ್ಬರ ಆಟವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನೆಲೆಗೊಂಡಿತ್ತು. ಏಷ್ಯನ್ ಕ್ರೀಡಾಕೂಟ ಮಾತ್ರ ಪುರುಷರ ಕಬಡ್ಡಿಯನ್ನು 1990ರ ಬೀಜಿಂಗ್ ಕೂಟದಲ್ಲಿ ಸೇರಿಸಿಕೊಂಡು, ಮಹಿಳೆಯರದನ್ನು ಸೇರಿಸಲು ಇನ್ನೂ ಇಪ್ಪತ್ತು ವರ್ಷ ತೆಗೆದುಕೊಂಡಿತು. ಆ ಮಧ್ಯದ ವರ್ಷಗಳಲ್ಲಿ ಭಾರತದ ಆಟಗಾರ್ತಿಯರಿಗೆ ದೊರೆತದ್ದು ದಕ್ಷಿಣ ಏಷ್ಯಾ ಕ್ರೀಡಾಕೂಟ, ಏಷ್ಯನ್ ಚಾಂಪಿಯನ್‌ಷಿಪ್‌ನಂಥ ಕೂಟಗಳು. ಮಮತಾ ಅವರ ಪದಕಗಳ ಸಾಲು 2006ರ ಕೊಲಂಬೊ ದಕ್ಷಿಣ ಏಷ್ಯಾ ಕೂಟದಿಂದ ತೊಡಗುತ್ತದೆ. ಮುಂದೆ 2008ರಲ್ಲಿ ಬಾಲಿಯ ಮೊದಲ ಏಷ್ಯನ್ ಬೀಚ್ ಕ್ರೀಡಾಕೂಟ, 2010ರ ಆರಂಭದಲ್ಲಿ ಢಾಕಾದ ದಕ್ಷಿಣ ಏಷ್ಯಾ ಕೂಟ ಅದಕ್ಕೆ ಸೇರಿದವು. ಬೀಚ್ ಕಬಡ್ಡಿ ಮರಳಿನ ಮೇಲೆ ತಂಡಕ್ಕೆ ನಾಲ್ವರಂತೆ ಆಡುವ ಪ್ರಕಾರ. ನಾಲ್ವರೇ ಇರುವುದರಿಂದ ಉದ್ದದ ಸರಪಳಿ ಕಟ್ಟಲು ಆಗದು, ಒಬ್ಬೊಬ್ಬಳೂ ದಾಳಿಗೂ ಹಿಡಿತಕ್ಕೂ ಒದಗಬೇಕಾಗುತ್ತದೆ, ಎಂದರೆ ಇದು ಸ್ವಭಾವತಃ ಆಲ್‌ರೌಂಡರ್‌ಗಳ ಆಟ. ಕಾಪು, ಮಲ್ಪೆಗಳ ಮರಳದಂಡೆಯನ್ನು ಕಂಡವರಿಗೆ ಈ ಪ್ರಕಾರ ಕರಾವಳಿಯಲ್ಲೇ ಹುಟ್ಟಬೇಕಿತ್ತೆಂದು ತೋರಿದರೆ ಆಶ್ಚರ್ಯವಿಲ್ಲ.

ಮಣ್ಣಿನ ಅಂಕಣದಿಂದ ಮ್ಯಾಟ್‌ಗೆ, ಎಂದರೆ ರಬ್ಬರಿನಂಥ ಕೃತಕ ಹಾಸಿಗೆಗೆ, ಬದಲಾಗಬೇಕಾದದ್ದು ಈ ತಲೆಮಾರಿನ ಎಲ್ಲರಿಗೂ ಎದುರಾದ ಸವಾಲು. ಕೆಂಪು ಮಣ್ಣನ್ನು ಹದಮಾಡಿ ಸಿದ್ಧಪಡಿಸಿದ ಹಳ್ಳಿಯ ಅಂಕಣದಲ್ಲಿ ಬರಿಗಾಲು ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯನ್ನು ಬಳಸಿಕೊಂಡೇ ದಾಳಿಗಾರ್ತಿ ಉದ್ದಕ್ಕೆ ಕಾಲು ಚಾಚುತ್ತಾಳೆ, ಹಿಡಿಯುವವಳು ಮೈಯನ್ನು ನೆಲಕ್ಕೊಗೆಯುತ್ತಾಳೆ. ಮ್ಯಾಟ್‌ನ ಮೇಲೆ ಶೂ ತೊಟ್ಟ ಕಾಲು ಗಕ್ಕನೆ ನಿಲ್ಲುತ್ತದೆ. ಅದರಿಂದ ದಿಕ್ಕು ಬದಲಿಸುವ ವೇಗ ಹೆಚ್ಚುತ್ತದೆ, ಹಾಗೆಯೇ ಮೊಣಕಾಲಿನ ಮೇಲೆ ಬೀಳುವ ಒತ್ತಡವೂ. ಹಳ್ಳಿಯ ಪಂದ್ಯಾಟದಲ್ಲಿ ಮೆರೆದು ಮ್ಯಾಟ್‌ನಲ್ಲಿ ಮಂಕಾದವರ ಸಂಖ್ಯೆ ಸಣ್ಣದಲ್ಲ. ಎರಡರಲ್ಲಿಯೂ ನಿಂತ ಆಟಗಾರ್ತಿಯರ ಮೇಲ್ಮೆಯನ್ನು ಅಳೆಯುವಾಗ ಈ ಬದಲಾವಣೆಯೇ ಪದಕಗಳಿಗಿಂತ ನಿಖರವಾದ ಅಳತೆಗೋಲು ಎನ್ನಬಹುದು.

2010ರ ನವೆಂಬರ್‌ನಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಮೊದಲ ಬಾರಿಗೆ ಪದಕ ಸ್ಪರ್ಧೆಯಾಯಿತು. ಫೈನಲ್‌ನಲ್ಲಿ ಭಾರತ ಥಾಯ್ಲೆಂಡನ್ನು 28–14ರಿಂದ ಸೋಲಿಸಿತು. ಇರಾನ್ ಮತ್ತು ಬಾಂಗ್ಲಾದೇಶ ಕಂಚು ಹಂಚಿಕೊಂಡವು. ಆ ತಂಡದಲ್ಲಿ ಮಮತಾ ಅವರೊಂದಿಗೆ ಬೆಂಗಳೂರಿನ ತೇಜಸ್ವಿನಿ ಬಾಯಿ ಇದ್ದರು. ಕರ್ನಾಟಕದ ಇಬ್ಬರು ಏಷ್ಯಾದ ಮೊದಲ ಮಹಿಳಾ ಕಬಡ್ಡಿ ಚಿನ್ನದಲ್ಲಿ ಪಾಲುದಾರರಾದದ್ದು ರಾಜ್ಯದ ಕ್ರೀಡಾ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗಕ್ಕೆ ಅರ್ಹವಾದ ಸಂಗತಿ. ತೇಜಸ್ವಿನಿಯವರಿಗೆ ಮರುವರ್ಷ, 2011ರಲ್ಲಿ, ಅರ್ಜುನ ಪ್ರಶಸ್ತಿ ಬಂತು.

2012ರ ಮಾರ್ಚ್ ಮೊದಲ ವಾರದಲ್ಲಿ ಪಟ್ನಾದಲ್ಲಿ ನಡೆದ ವಿಶ್ವಕಪ್ ಮಮತಾ ಅವರ ವೃತ್ತಿಜೀವನದ ಶಿಖರ. ಪುರುಷರ ವಿಶ್ವಕಪ್ 2004ರಲ್ಲಿ ಮುಂಬಯಿಯಲ್ಲಿಯೂ 2007ರಲ್ಲಿ ಪನ್ವೇಲ್‌ನಲ್ಲಿಯೂ ನಡೆದಿದ್ದರೂ ಮಹಿಳೆಯರಿಗೆ ಅಂಥ ಕೂಟ ಅದೇ ಮೊದಲು. ಹದಿನಾರು ದೇಶಗಳು ಭಾಗವಹಿಸಿದವು. ಅದಕ್ಕೆ ತಂಡವನ್ನು ಕರೆದೊಯ್ದ ಮಮತಾ ಫೈನಲ್‌ನಲ್ಲಿ ಇರಾನನ್ನು ಎದುರಿಸಿದರು, ಭಾರತ 25–19ರಿಂದ ಗೆದ್ದಿತು. ಆರು ಅಂಕಗಳ ಈ ಅಂತರವನ್ನು ಗುವಾಂಗ್‌ಝೌನ ಹದಿನಾಲ್ಕರ ಪಕ್ಕದಲ್ಲಿ ಇಟ್ಟು ನೋಡಬೇಕು. ಭಾರತ ಸೋಲಬಹುದಾದ ಎದುರಾಳಿಯೊಂದು ಸಿದ್ಧವಾಗುತ್ತಿದೆ ಎಂಬುದು ಅಲ್ಲಿಯೇ ಕಾಣಿಸಿತ್ತು. ಕುಸ್ತಿಯ ದೀರ್ಘ ಪರಂಪರೆಯಿರುವ ದೇಶದಿಂದ ಬಂದ ಇರಾನಿ ಆಟಗಾರ್ತಿಯರು ಮೈಕಟ್ಟಿನಲ್ಲಿಯೂ ಹಿಡಿತದಲ್ಲಿಯೂ ಬಲಿಷ್ಠರಾಗಿದ್ದರು. ಕಡಿಮೆ ಅಂಕಗಳ ಇಂಥ ಪಂದ್ಯಗಳಲ್ಲಿ ನಾಯಕಿಯ ಕೆಲಸ ಮುಖ್ಯವಾಗಿ ಎಣಿಕೆಯದು: ಯಾರು ಯಾವ ಕ್ರಮದಲ್ಲಿ ಹೊರಗಿದ್ದಾರೆ, ಮುಂದಿನ ಅಂಕಕ್ಕೆ ಯಾರು ಮರಳುತ್ತಾರೆ, ಲೋನಾ ತಪ್ಪಿಸಲು ಯಾರನ್ನು ದಾಳಿಗೆ ಕಳಿಸಬೇಕು, ಮುನ್ನಡೆಯಿರುವಾಗ 30 ಸೆಕೆಂಡುಗಳನ್ನೂ ಬಳಸಿ ಬರಿಗೈಯಲ್ಲಿ ಮರಳುವುದು ಲಾಭವೇ ಎಂಬ ತೀರ್ಮಾನಗಳನ್ನು ಆಟ ನಿಲ್ಲದೆ ನಡೆಯುತ್ತಿರುವಾಗಲೇ ಮಾಡಬೇಕಾಗುತ್ತದೆ.

2013ರಲ್ಲಿ ಇಂಚೆಯಾನ್‌ನಲ್ಲಿ ನಡೆದ ಏಷ್ಯನ್ ಒಳಾಂಗಣ ಮತ್ತು ಸಮರಕಲೆಗಳ ಕೂಟದಲ್ಲಿ ಭಾರತ ಮತ್ತೆ ಚಿನ್ನ ಗೆದ್ದಿತು. 2014ರ ಆಗಸ್ಟ್‌ನಲ್ಲಿ ಮಮತಾ ಅರ್ಜುನ ಪ್ರಶಸ್ತಿ ಸ್ವೀಕರಿಸಿದರು. ಅದೇ ವರ್ಷದ ಪಟ್ಟಿಯಲ್ಲಿ ಹಾಸನ ಜಿಲ್ಲೆಯ ಎತ್ತರ ಜಿಗಿತಗಾರ ಎಚ್. ಎನ್. ಗಿರೀಶ ಕೂಡ ಇದ್ದರು. ಪ್ರಶಸ್ತಿಯ ಬೆನ್ನಿಗೇ ಇಂಚೆಯಾನ್ ಏಷ್ಯನ್ ಕ್ರೀಡಾಕೂಟ ಬಂತು. ಅಕ್ಟೋಬರ್ 3ರ ಫೈನಲ್‌ನಲ್ಲಿ ಎದುರಾಳಿ ಪುನಃ ಇರಾನ್, ಫಲಿತಾಂಶ 31–21. ಅದೇ ದಿನ ಪುರುಷರ ತಂಡ ಅದೇ ದೇಶದ ವಿರುದ್ಧ 27–25ರಿಂದ ಪಾರಾಯಿತು. ಪುರುಷರ ಪಂದ್ಯದ ಉಸಿರುಕಟ್ಟಿಸುವ ಕೊನೆಯ ಕ್ಷಣಗಳು ಪತ್ರಿಕೆಗಳ ಮುಖಪುಟಗಳನ್ನು ಆವರಿಸಿಕೊಂಡದ್ದು ಸಹಜವೇ ಆದರೂ, ಅಂದು ಹೆಚ್ಚು ನಿರಾತಂಕವಾಗಿ ಗೆದ್ದವರು ಮಹಿಳೆಯರು.

ಇಂಚೆಯಾನ್‌ಗೆ ಎರಡು ತಿಂಗಳ ಮೊದಲು, 2014ರ ಜುಲೈಯಲ್ಲಿ, ಪ್ರೊ ಕಬಡ್ಡಿ ಲೀಗ್ ಆರಂಭವಾಗಿತ್ತು. ಹರಾಜಿನ ಮೂಲಕ ಆಟಗಾರರನ್ನು ಕೊಳ್ಳುವ, ದೂರದರ್ಶನಕ್ಕಾಗಿ ರೂಪಿಸಿದ ಈ ಲೀಗ್ ಪುರುಷರದು ಮಾತ್ರ. ಅದು ಆಟಗಾರರ ಆದಾಯವನ್ನು ಬದಲಿಸಿದಷ್ಟೇ ಗಾಢವಾಗಿ ದಾಖಲೆಯ ಪದ್ಧತಿಯನ್ನೂ ಬದಲಿಸಿತು: ಯಾರು ಎಷ್ಟು ದಾಳಿ ಮಾಡಿದರು, ಎಷ್ಟು ಹಿಡಿತ ಯಶಸ್ವಿಯಾಯಿತು, ಎಷ್ಟು ವಿಫಲವಾಯಿತು ಎಂಬ ಅಂಕಿಗಳು ಪ್ರತಿ ಪಂದ್ಯಕ್ಕೂ ಸಿಗತೊಡಗಿದವು. ಮಮತಾ ಅವರ ಉತ್ಕರ್ಷದ ವರ್ಷಗಳು ಬಹುಪಾಲು ಅದಕ್ಕೆ ಹಿಂದಿನವು. ಅವರ ಆಟದ ಮೌಲ್ಯಮಾಪನಕ್ಕೆ ಆಧಾರವಾಗಿ ಉಳಿದಿರುವುದು ತಂಡದ ಫಲಿತಾಂಶ, ನಾಯಕತ್ವ, ಆಯ್ಕೆಯಲ್ಲಿನ ಸಾತತ್ಯ ಇಷ್ಟೇ. 2006ರಿಂದ 2014ರವರೆಗೆ ಪೈಪೋಟಿ ತೀವ್ರವಾಗಿದ್ದ ತಂಡದಲ್ಲಿ ಸ್ಥಾನ ಉಳಿಸಿಕೊಂಡದ್ದು ಅಂಕಿಗಳ ಕೊರತೆಯನ್ನು ಒಂದಿಷ್ಟು ತುಂಬುತ್ತದೆ.

ಮಹಿಳೆಯರಿಗೂ ಲೀಗ್ ಬೇಕೆಂಬ ಬೇಡಿಕೆಗೆ ಉತ್ತರವಾಗಿ ಬಂದದ್ದು 2016ರ ಮಹಿಳಾ ಕಬಡ್ಡಿ ಚಾಲೆಂಜ್. ಪುರುಷರ ಲೀಗಿನ ನಾಲ್ಕನೆಯ ಆವೃತ್ತಿಯ ಜತೆಜತೆಗೇ ನಡೆದ ಈ ಕಿರು ಸ್ಪರ್ಧೆಯಲ್ಲಿ ಇದ್ದುದು ಮೂರೇ ತಂಡಗಳು. ಫೈರ್ ಬರ್ಡ್ಸ್ ತಂಡಕ್ಕೆ ಮಮತಾ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಐಸ್ ದಿವಾಸ್‌ಗೆ ಮಹಾರಾಷ್ಟ್ರದ ಅಭಿಲಾಷಾ ಮ್ಹಾತ್ರೆ ನಾಯಕಿಯರು. ಮೂವರೂ ಅರ್ಜುನ ಪುರಸ್ಕೃತರು, ಇಬ್ಬರು ಕರ್ನಾಟಕದವರು. ಜುಲೈ 31ರಂದು ಹೈದರಾಬಾದಿನಲ್ಲಿ, ಎಂದರೆ ಮಮತಾ ಅವರ ರೈಲ್ವೆ ನೌಕರಿಯ ಊರಿನ ಮಗ್ಗುಲಲ್ಲೇ, ನಡೆದ ಫೈನಲ್‌ನಲ್ಲಿ ಫೈರ್ ಬರ್ಡ್ಸ್ ಒಂದೇ ಅಂಕದಿಂದ, 23–24ರಿಂದ, ಸ್ಟಾರ್ಮ್ ಕ್ವೀನ್ಸ್‌ಗೆ ಸೋತಿತು. ಪಂದ್ಯದ ಗುಣಮಟ್ಟವನ್ನು ನೋಡಿದವರು ಸ್ಪರ್ಧೆ ಮರುವರ್ಷವೂ ನಡೆಯುವುದೆಂದು ನಿರೀಕ್ಷಿಸಿದ್ದರೆ ತಪ್ಪಿಲ್ಲ. ಆದರೆ ಅದು ಮುಂದುವರಿಯಲಿಲ್ಲ.

ಮಮತಾ ಅವರ ಪೀಳಿಗೆ ಹಿಂದೆ ಸರಿದ ಮೇಲೆ ಭಾರತದ ಮಹಿಳಾ ತಂಡದ ಏಕಸ್ವಾಮ್ಯ ಮುರಿಯಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನ್ 27–24ರಿಂದ ಗೆದ್ದಿತು. ಆ ಇರಾನಿ ತಂಡವನ್ನು ತರಬೇತುಗೊಳಿಸಿದವರು ನಾಸಿಕದ ಶೈಲಜಾ ಜೈನ್. ಬೆಳ್ಳಿ ಪಡೆದ ಭಾರತ ತಂಡದಲ್ಲಿ ಕರ್ನಾಟಕದ ಉಷಾರಾಣಿ ಇದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚೈನೀಸ್ ತೈಪೆಯನ್ನು 26–25ರಿಂದ ಸೋಲಿಸಿ ಚಿನ್ನವನ್ನು ಮರಳಿ ಪಡೆದಾಗ ಅದು ಆ ಕೂಟದಲ್ಲಿ ದೇಶದ ನೂರನೆಯ ಪದಕವಾಯಿತು. ಪಟ್ನಾದ ನಂತರ ಮಹಿಳೆಯರ ಎರಡನೆಯ ವಿಶ್ವಕಪ್ ನಡೆಯಲು ಹದಿಮೂರು ವರ್ಷ ಹಿಡಿಯಿತು. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಅದು ಜರುಗಿದಾಗಲೂ ಗೆದ್ದದ್ದು ಭಾರತವೇ. ಅಲ್ಲಿಯವರೆಗೆ ವಿಶ್ವಕಪ್ ಗೆದ್ದ ಮಹಿಳಾ ಕಬಡ್ಡಿ ನಾಯಕಿಯರ ಪಟ್ಟಿಯಲ್ಲಿ ಹೆರ್ಮುಂಡೆಯವರದೊಂದೇ ಹೆಸರಿತ್ತು.